ಉಪ್ಪುನೀರಿನ ಟ್ಯಾಂಕಿನಲ್ಲಿ ಯಾವ ಹವಳಕ್ಕೆ ಯಾವ ಜಾಗ: ಕೊಡಗಿನ ಮನೆಗಳಿಗೆ

ಜಾಗಕ್ಕಿಂತ ಮೊದಲು ಜಾತಿ. ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ ಹವಳ, ಕಪ್ಪು ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಆನೆಗೂ ಹುಲಿಗೂ ಇರುವ ರಕ್ಷಣೆಯೇ ಅವಕ್ಕೂ ಇದೆ. ಅಂಗಡಿಯವರು ಏನೇ ಹೇಳಲಿ, ಅವನ್ನು ಮುಟ್ಟಬೇಡಿ. ಮಶ್ರೂಮ್, ಜೊವಾಂಥಸ್, ಲೆದರ್, ಜೀನಿಯಾದಂಥ ಮೆತ್ತನೆಯ ಹವಳ ಜಾತಿಗಳೇ ಸಾಕು, ಅದೂ ಟ್ಯಾಂಕಿನಲ್ಲಿ ಬೆಳೆಸಿದ ತುಂಡುಗಳು. ಜೋಡಿಸುವ ಕಲ್ಲೂ ಸೆರಾಮಿಕ್‌ನದ್ದಾಗಿರಲಿ.

ಮುಂದಿನ ಲೆಕ್ಕ 3 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ. ವೇವ್‌ಮೇಕರ್ (ಟ್ಯಾಂಕಿನ ನೀರನ್ನು ಅಲೆಯಾಡಿಸುವ ಪಂಪ್) ಓಡುವಾಗ ಮೀನಿನ ಆಹಾರವನ್ನು ಪುಡಿ ಮಾಡಿ ಒಂದು ಚಿಟಿಕೆ ಬಿಡಿ. ಪುಡಿ ಎಲ್ಲಿ ಹೋಗಿ ಕೂರುತ್ತದೋ ಅಲ್ಲಿ ನೀರು ಓಡುತ್ತಿಲ್ಲ. ಅಲ್ಲಿಟ್ಟ ಹವಳದ ಮೇಲೆ ಕಸ ಕೂತು ಮಾಂಸ ಕೊಳೆಯುತ್ತದೆ.

ಮಶ್ರೂಮ್‌ಗೆ ತಳದ ನೆರಳು, ನಿಧಾನದ ನೀರು, 30ರಿಂದ 80 ಪಾರ್ ಬೆಳಕು (ಪಾರ್ ಎಂದರೆ ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ). ಲೋಳೆಯಿರುವುದರಿಂದ ಅದಕ್ಕೆ ಅಂಟು ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಲೋಟದಲ್ಲಿ ಕಲ್ಲಿನ ಚೂರುಗಳ ಮೇಲೆ ಬಿಟ್ಟು, ಬಾಯಿಗೆ ಬಲೆ ಕಟ್ಟಿ, ವಾರ ಹತ್ತು ದಿನ ತಳದಲ್ಲಿಡಿ. ಅದೇ ಒಂದು ಚೂರನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಆ ಚೂರನ್ನು ಅಂಟಿಸಿ.

ಜೊವಾಂಥಸ್ ನಡುಮಟ್ಟಕ್ಕೆ, 80ರಿಂದ 150 ಪಾರ್. ಇದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅದು ಬೆಳೆದ ಕಲ್ಲನ್ನು ಕುದಿಯುವ ನೀರಿಗೆ ಎಂದೂ ಹಾಕಬೇಡಿ, ಆ ಹಬೆ ಉಸಿರಿಗೆ ಹೋದರೆ ಪ್ರಾಣಕ್ಕೇ ಅಪಾಯ.

ಲೆದರ್ ಮೇಲ್ಮಟ್ಟಕ್ಕೆ, 100ರಿಂದ 200 ಪಾರ್, ಬಿಟ್ಟುಬಿಟ್ಟು ಬಡಿಯುವ ನೀರಿಗೆ. ಆಗಾಗ ಅದು ಮುದುಡಿ, ಮೇಣದಂಥ ಪೊರೆ ಕಳಚುತ್ತದೆ. ಸಾಯುತ್ತಿದೆ ಎಂದು ಹೆದರಿ ಜಾಗ ಬದಲಿಸುವುದೇ ಹೆಚ್ಚಿನವರು ಮಾಡುವ ತಪ್ಪು. ವಾರ ಕಾಯಿರಿ, ಪೊರೆ ಕೊಚ್ಚಿಹೋಗುವಷ್ಟು ನೀರು ತಾಗುತ್ತಿದೆಯೇ ಎಂದಷ್ಟೇ ನೋಡಿ. ಸುತ್ತ 15 ಸೆಂಟಿಮೀಟರ್ ಖಾಲಿ ಬಿಡಿ, ಅದರ ಕೊಡೆಯಂಥ ತಲೆ ಅಗಲವಾದಂತೆ ಕೆಳಗಿನವಕ್ಕೆ ಬೆಳಕು ತಪ್ಪುತ್ತದೆ. ಪಕ್ಕದವನ್ನು ಕುಗ್ಗಿಸುವ ರಾಸಾಯನಿಕವನ್ನೂ ಅದು ನೀರಿಗೆ ಬಿಡುತ್ತದೆ. ಅದನ್ನು ಹೀರಿಕೊಳ್ಳಲು 100 ಲೀಟರಿಗೆ ಸುಮಾರು 50 ಗ್ರಾಂ ಆಕ್ಟಿವೇಟೆಡ್ ಕಾರ್ಬನ್ (ಸಂಸ್ಕರಿಸಿದ ಇದ್ದಿಲು) ಇಟ್ಟು ತಿಂಗಳಿಗೊಮ್ಮೆ ಬದಲಿಸಿ.

ಜೀನಿಯಾ ಮಾತ್ರ ಮರಳಿನ ನಡುವೆ ಒಂಟಿ ಕಲ್ಲಿನ ಮೇಲಿರಲಿ. ದೊಡ್ಡ ಕಲ್ಲಿಗೆ ತಾಗಿತೋ, ಲಂಟಾನದಂತೆ ಎಲ್ಲವನ್ನೂ ಆವರಿಸುತ್ತದೆ.

ಹೊಸ ತುಂಡು ಯಾವುದಾದರೂ ಮೊದಲ ವಾರ ತಳದಲ್ಲೇ ಇರಲಿ. ಆಮೇಲೆ ವಾರಕ್ಕೆ 8–10 ಸೆಂಟಿಮೀಟರ್‌ನಂತೆ ಅದರ ಮಟ್ಟಕ್ಕೆ ಏರಿಸಿ. ಬಣ್ಣ ಬಿಳಿಚಿದರೆ ಬೆಳಕು ಹೆಚ್ಚು, ಕಾಂಡ ಉದ್ದಕ್ಕೆ ಎಳೆದುಕೊಂಡರೆ ಕಡಿಮೆ. ಎರಡು ವಾರ ಒಂದೇ ಕಡೆ ಚೆನ್ನಾಗಿ ಅರಳಿದ ಮೇಲೆ, ಪ್ಲಗ್‌ನ (ತುಂಡು ಅಂಟಿಕೊಂಡಿರುವ ಪುಟ್ಟ ಬಿಲ್ಲೆಯ) ಅಡಿ ಒರೆಸಿ, ಬಟಾಣಿ ಗಾತ್ರದ ಸೂಪರ್ ಗ್ಲೂ ಜೆಲ್ ಹಾಕಿ, ಒತ್ತಿ ತಿರುಗಿಸಿ ಕೂರಿಸಿ.

ನಮ್ಮ ಕಡೆ ದೊಡ್ಡ ಶತ್ರು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕಾಫಿಗೆ, ಕರಿಮೆಣಸಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಕೈ, ಬಕೆಟ್, ಪೈಪು ಟ್ಯಾಂಕಿನ ಹತ್ತಿರ ಬರಬಾರದು. ತಾಮ್ರ ತೀರಾ ಕಡಿಮೆ ಇದ್ದರೂ ಹವಳ ಸಾಯುತ್ತದೆ. ಸಿಂಪಡಣೆಯ ದಿನಗಳಲ್ಲಿ ತೋಟದ ಕಡೆಯ ಕಿಟಕಿ ಮುಚ್ಚಿರಲಿ. ಹೆಂಚಿನ ಮೇಲಿಂದ ಹಿಡಿದ ಮಳೆನೀರು ಬೇಡ, ಲವಣ, ಲೋಹ ಎಲ್ಲ ಸೋಸಿ ತೆಗೆದ ಆರ್‌ಓ ಡಿಐ ನೀರೇ ಬಳಸಿ.

ನೀರು 24ರಿಂದ 26 ಡಿಗ್ರಿ ಇರಬೇಕು. ಮಡಿಕೇರಿಯ ಡಿಸೆಂಬರ್ ಚಳಿಗೆ 150 ವ್ಯಾಟ್‌ನ ಎರಡು ಹೀಟರ್ ಹಾಕಿ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಹೀಟರ್‌ನಿಂದ ಹವಳ 10 ಸೆಂಟಿಮೀಟರ್ ದೂರವಿರಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಏರ್ ಪಂಪ್ ಹಾಕಿ, ಗಾಜಿಗೆ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿರಲಿ. ಕರೆಂಟು ಬಂದು ವೇವ್‌ಮೇಕರ್ ಶುರುವಾದ ಕೂಡಲೇ ಅಂಟಿಸದ ತುಂಡುಗಳನ್ನು ನೋಡಿ. ಮರಳಿಗೆ ಮುಖ ಮಾಡಿ ಬಿದ್ದದ್ದನ್ನು ಅಂದೇ ಎತ್ತಿಡಬೇಕು.