ಹಟ್ಟಿ ತೊಳೆದ ನೀರು, ಪಾಚಿ, ಗ್ಯಾಸ್ ಒಲೆ: ನನ್ನ ಅನುಭವ

ಪಾಚಿಯಿಂದ ಡೀಸೆಲ್ ತೆಗೆಯಬಹುದಂತೆ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ತೆಗೆಯಬಹುದು, ಆದರೆ ಮನೆ ಹಿತ್ತಲಲ್ಲಿ ಆಗುವ ಕೆಲಸ ಅಲ್ಲ ಅದು. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಅದರ ಹಿಂದೆ ಬಿದ್ದಿತ್ತು, ಕೊನೆಗೆ ಡೀಸೆಲ್ ದರದ ಮುಂದೆ ಖರ್ಚು ಜಾಸ್ತಿ ಅಂತಲೇ ಗೊತ್ತಾಯಿತು. ಹಾಗಾಗಿ ನಾನು ಪಾಚಿಯಿಂದ ಎಣ್ಣೆ ತೆಗೆದು ಡೀಸೆಲ್ ಮಾಡುವ ತಂಟೆಗೇ ಹೋಗಲಿಲ್ಲ. ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ನಮ್ಮ ಮನೆಯಲ್ಲಿ ಗೋಬರ್ ಗ್ಯಾಸ್ ಮೊದಲೇ ಇತ್ತು, ಪಾಚಿಯನ್ನು ಹಸಿಯಾಗಿಯೇ ಅದಕ್ಕೆ ಹಾಕುತ್ತೇನೆ. ಹೊಸ ಐಡಿಯಾ ಏನಲ್ಲ, ಕ್ಯಾಲಿಫೋರ್ನಿಯಾದ ವಿಜ್ಞಾನಿ ವಿಲಿಯಂ ಓಸ್ವಾಲ್ಡ್ ಮತ್ತು ಅವರ ಜೊತೆಗಾರರು 1950ರ ದಶಕದಲ್ಲೇ ಚರಂಡಿ ನೀರಿನ ಪಾಚಿಯಿಂದ ಮೀಥೇನ್ (ಗೋಬರ್ ಗ್ಯಾಸಿನಲ್ಲಿ ಉರಿಯುವ ಅನಿಲ) ಮಾಡಿ ನೋಡಿದ್ದರು.

ಪಾಚಿ ಬೆಳೆಸಲು ಟಾರ್ಪಾಲ್ ಹಾಸಿದ ಒಂದಡಿ ಆಳದ ತೊಟ್ಟಿ ಸಾಕು. ಆಳ ಜಾಸ್ತಿಯಾದರೆ ಅಡಿಗೆ ಬಿಸಿಲು ಇಳಿಯುವುದಿಲ್ಲ. ಅದಕ್ಕೆ ಹಟ್ಟಿ (ದನದ ಕೊಟ್ಟಿಗೆ) ತೊಳೆದ ನೀರು, ಅದರ ಜೊತೆ ಚೂರು ಸ್ಲರಿ, ಅಂದರೆ ಗೋಬರ್ ಗ್ಯಾಸಿನಿಂದ ಹೊರಬರುವ ಬಗ್ಗಡ. ಸ್ಲರಿಯನ್ನು ಹಾಗೇ ಸುರಿಯಬೇಡಿ, ಕಪ್ಪು ಬಣ್ಣ ಬೆಳಕು ತಡೆಯುತ್ತದೆ, ಅಮೋನಿಯಾಕ್ಕೆ ಪಾಚಿಯೂ ಸಾಯುತ್ತದೆ. ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಸೇರಿಸಿ. ದಿನಕ್ಕೆ ನಾಲ್ಕು ಸಲ ಕೋಲಿನಿಂದ ಕಲಕಬೇಕು. ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಪಕ್ಕದ ಮನೆಯ ಶೆಟ್ರು ಬಗ್ಗಿ ನೋಡಿ, "ಎಂತ ಮಾರಾಯ್ರೆ, ಕೊಳೆ ನೀರನ್ನೂ ಸಾಕುವುದಾ?" ಅಂದರು.

ನಿಜವಾದ ಕಷ್ಟ ಪಾಚಿಯನ್ನು ನೀರಿನಿಂದ ಬೇರೆ ಮಾಡುವುದರಲ್ಲಿ. ಎಷ್ಟು ಹಸಿರಾಗಿ ಕಂಡರೂ ಲೀಟರಿಗೆ ಒಣ ತೂಕದಲ್ಲಿ ಸುಮಾರು ಅರ್ಧ ಗ್ರಾಂ ಅಷ್ಟೆ. ಬಟ್ಟೆಯಲ್ಲಿ ಸೋಸಲು ಹೋದರೆ ಬಟ್ಟೆಯೇ ಕಟ್ಟಿಕೊಳ್ಳುತ್ತದೆ. ನುಗ್ಗೆ ಬೀಜ ಅರೆದು ಕಲಸಿದರೆ ಹಸಿರು ಚೂರುಚೂರಾಗಿ ಗಂಟು ಕಟ್ಟಿ ಕೆಳಗೆ ಕೂರುತ್ತದೆ. ಮೇಲಿನ ತಿಳಿನೀರನ್ನು ಪೈಪ್ ಇಟ್ಟು ತೋಟಕ್ಕೆ ಬಿಟ್ಟರೆ ಅಡಿಯಲ್ಲಿ ನೀರ್ ದೋಸೆ ಹಿಟ್ಟಿನಷ್ಟು ತೆಳ್ಳಗಿನ ಬಗ್ಗಡ ಉಳಿಯುತ್ತದೆ. ಒಣಗಿಸುವ ರಗಳೆ ಇಲ್ಲ, ಅದೇ ಗೋಬರ್ ಗ್ಯಾಸಿನ ಡೈಜೆಸ್ಟರಿಗೆ (ಸೆಗಣಿ ಕೊಳೆತು ಗ್ಯಾಸ್ ಆಗುವ ಗುಂಡಿಗೆ).

ಗ್ಯಾಸ್ ಎಷ್ಟು? ಸಾವಿರ ಲೀಟರ್ ನೀರಿನ ಪಾಚಿ ನಾಲ್ಕೈದು ಕೆಜಿ ಸೆಗಣಿಗೆ ಸಮ ಅಂದುಕೊಳ್ಳಿ. ಅಷ್ಟಕ್ಕೆ ಯಾಕೆ ಇಷ್ಟು ಒದ್ದಾಟ ಅಂದರೆ, ನನಗೆ ಗ್ಯಾಸಿಗಿಂತ ಗೊಬ್ಬರದ ಲೆಕ್ಕ ಮುಖ್ಯ. ಒಲೆಯಲ್ಲಿ ಉರಿಯುವುದು ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ, ಗಿಡಕ್ಕೆ ಬೇಕಾದ ನೈಟ್ರೋಜನ್ ಮತ್ತು ಫಾಸ್ಫರಸ್ ಸ್ಲರಿಯಲ್ಲೇ ಉಳಿಯುತ್ತವೆ. ತೋಡಿಗೆ ಹರಿದುಹೋಗುತ್ತಿದ್ದದ್ದು ಈಗ ಅಡಿಕೆ ಬುಡಕ್ಕೆ ಹೋಗುತ್ತದೆ.

ಪಾಚಿಯನ್ನೇ ಸುರಿಯುತ್ತಾ ಹೋದರೆ ಅಮೋನಿಯಾ ಏರಿ ಗ್ಯಾಸ್ ಕುಸಿಯುತ್ತದೆ, ಅದರಲ್ಲಿ ನೈಟ್ರೋಜನ್ ಜಾಸ್ತಿ ನೋಡಿ. ಸೆಗಣಿ, ಸಣ್ಣಗೆ ಕತ್ತರಿಸಿದ ಬೈಹುಲ್ಲು ಜೊತೆಗಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬಂದ್. ನಮ್ಮ ಮಳೆಗೆ ತೊಟ್ಟಿ ತುಂಬಿ ಹರಿಯುತ್ತದೆ, ಬಿಸಿಲೂ ಇರುವುದಿಲ್ಲ. ಮುಂದಿನ ಸಲಕ್ಕೆ ಬೀಜ ಅಂತ ಒಂದು ಬಾಟಲಿ ಹಸಿರು ನೀರನ್ನು ಕಿಟಕಿ ಹತ್ತಿರ ಇಟ್ಟು, ಆಗಾಗ ಅಲುಗಾಡಿಸಿ ಚೂರು ಸ್ಲರಿ ನೀರು ಕೊಡುತ್ತೇನೆ. ಬೇಕಾದವರು ದೀಪಾವಳಿ ಕಳೆದ ಮೇಲೆ ಬನ್ನಿ, ಬಾಟಲಿ ಮಾತ್ರ ನೀವೇ ತನ್ನಿ.