ಕಲ್ಚರ್ ರಿಪೋರ್ಟ್ ಕೈಗೆ ಬಂತು, ಓದುವುದು ಹೇಗೆ?

ಉರಿಮೂತ್ರ ಎಂದು ಹೋದರೆ ಡಾಕ್ಟರು ‘ಯೂರಿನ್ ಕಲ್ಚರ್ ಮಾಡಿಸಿ’ ಎಂದು ಚೀಟಿ ಬರೆಯುತ್ತಾರೆ. ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆ ಇದು. ಎರಡು ಮೂರು ದಿನಕ್ಕೆ ಬರುವ ರಿಪೋರ್ಟಿನಲ್ಲಿ ಹತ್ತಿಪ್ಪತ್ತು ಔಷಧಗಳ ಹೆಸರು, ಪ್ರತಿಯೊಂದರ ಮುಂದೆ ಎಸ್, ಐ ಇಲ್ಲವೇ ಆರ್ ಎಂಬ ಅಕ್ಷರ. ಎಸ್ ಎಂದರೆ ಆ ಔಷಧಕ್ಕೆ ರೋಗಾಣು ಬಗ್ಗುತ್ತದೆ, ಆರ್ (ರೆಸಿಸ್ಟೆಂಟ್) ಎಂದರೆ ಬಗ್ಗುವುದಿಲ್ಲ, ಐ ಎರಡರ ನಡುವಿನದು. ಕೆಲವು ಲ್ಯಾಬುಗಳು ಮಿಲಿಮೀಟರ್ ಅಂಕಿಯನ್ನೂ ಕೊಡುತ್ತವೆ. ನಮ್ಮ ಚಿಕ್ಕಮ್ಮ ಒಮ್ಮೆ ಅತಿ ದೊಡ್ಡ ಅಂಕಿಗೆ ಪೆನ್ನಿನಿಂದ ಸುತ್ತು ಹಾಕಿ, ‘ಇದೇ ಸ್ಟ್ರಾಂಗು’ ಎಂದು ಮೆಡಿಕಲ್ ಸ್ಟೋರಿಗೆ ಹೊರಟಿದ್ದರು.

ಕೆಲಸ ಶುರುವಾಗುವುದು ಮನೆಯಲ್ಲಿ. ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ ಸ್ಯಾಂಪಲ್ ಕೊಡಬೇಕು. ನುಂಗಿದ ಮೇಲೆ ಕೊಟ್ಟರೆ ಉರಿ ಇದ್ದರೂ ಪ್ಲೇಟಿನಲ್ಲಿ ಏನೂ ಬೆಳೆಯದೆ ಹೋಗಬಹುದು. ತೊಳೆದುಕೊಂಡು, ಮೊದಲು ಬರುವ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ಹಿಡಿಯಿರಿ. ಜಾಮ್ ಬಾಟಲಿ ಎಷ್ಟು ತೊಳೆದಿದ್ದರೂ ಬೇಡ. 2 ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ‘ಮಿಕ್ಸೆಡ್ ಗ್ರೋತ್’ ಎಂದು ಬಂದರೆ ಹೆಚ್ಚಿನ ಸಲ ಹೊರಗಿನ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ, ಮತ್ತೆ ಕೊಡಬೇಕಾಗುತ್ತದೆ.

ಲ್ಯಾಬಿನಲ್ಲಿ ಮೊದಲ ದಿನ ರೋಗಾಣು ಬೆಳೆಸುವುದರಲ್ಲೇ ಹೋಗುತ್ತದೆ. ಸಾಮಾನ್ಯವಾಗಿ ಸಿಗುವುದು ನಮ್ಮದೇ ಕರುಳಿನ ಇ. ಕೋಲಿ. ಮರುದಿನ ಅದನ್ನು ಉಪ್ಪುನೀರಿನಲ್ಲಿ ಕದಡಿ, ಹತ್ತಿ ಸುತ್ತಿದ ಕಡ್ಡಿಯಿಂದ 4 ಮಿ.ಮೀ. ದಪ್ಪದ ಅಗಾರ್ ಮೇಲೆ ಬಳಿಯುತ್ತಾರೆ. ಅಗಾರ್ ಎಂದರೆ ಬೇರೇನಲ್ಲ, ದಿನಸಿ ಅಂಗಡಿಯ ಚೈನಾ ಗ್ರಾಸ್. ಅದರ ಮೇಲೆ ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು 6 ಮಿ.ಮೀ. ಅಗಲ, ಫೈಲಿಗೆ ತೂತು ಹೊಡೆಯುವಾಗ ಉದುರುವ ಚೂರಿನಷ್ಟೇ. 35 ಡಿಗ್ರಿ ಶಾಖದಲ್ಲಿ 16–18 ಗಂಟೆ ಬಿಟ್ಟು ತೆಗೆದರೆ ಪ್ಲೇಟಿಗೆಲ್ಲ ತೆಳ್ಳಗೆ ಮಜ್ಜಿಗೆ ಬಳಿದ ಹಾಗಿರುತ್ತದೆ. ಔಷಧ ಕೆಲಸ ಮಾಡಿದ ಬಿಲ್ಲೆಗಳ ಸುತ್ತ ಮಾತ್ರ ತಿಳಿಯಾದ ಉಂಗುರ. ಕೆಲವು ಬಿಲ್ಲೆಗಳ ಅಂಚಿನವರೆಗೂ ರೋಗಾಣು ಹಾಯಾಗಿ ಬೆಳೆದಿರುತ್ತದೆ. ನೋಡಿದವರಿಗೆ ರೆಸಿಸ್ಟೆನ್ಸ್ ಎಂದರೇನು ಎಂದು ಬೇರೆ ಹೇಳಬೇಕಿಲ್ಲ. 1966ರಲ್ಲಿ ಪ್ರಕಟವಾದ ಈ ಕಿರ್ಬಿ–ಬಾವರ್ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಬಿಲ್ಲೆಯೂ ಸೇರಿ ಉಂಗುರದ ವ್ಯಾಸವೇ ರಿಪೋರ್ಟಿನ ಮಿಲಿಮೀಟರ್. ಎಲ್ಲರೂ ಎಡವುವುದೂ ಇಲ್ಲೇ. ಒಂದು ಔಷಧ ಅಗಾರಿನಲ್ಲಿ ಬೇಗ ಹರಡುತ್ತದೆ, ಇನ್ನೊಂದು ನಿಧಾನ. ಬಿಲ್ಲೆಯಲ್ಲಿರುವ ಪ್ರಮಾಣವೂ ಒಂದೇ ಅಲ್ಲ: ನೈಟ್ರೊಫ್ಯುರಾಂಟಾಯಿನ್ 300 ಮೈಕ್ರೊಗ್ರಾಂ, ಸಿಪ್ರೊಫ್ಲಾಕ್ಸಸಿನ್ ಬರೀ 5. ಹಾಗಾಗಿ ಪಾಸ್ ಮಾರ್ಕೂ ಬೇರೆ. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಗೊತ್ತುಮಾಡುವ ಅಮೆರಿಕದ ಸಂಸ್ಥೆಯಾದ ಸಿಎಲ್‌ಎಸ್‌ಐ ಕೋಷ್ಟಕದಲ್ಲಿ ಇ. ಕೋಲಿ ಮಟ್ಟಿಗೆ ಮೊದಲನೆಯದಕ್ಕೆ 17 ಮಿ.ಮೀ. ಸಾಕು, ಎರಡನೆಯದಕ್ಕೆ 26 ಬೇಕು. 18ರ ನೈಟ್ರೊಫ್ಯುರಾಂಟಾಯಿನ್ ಎಸ್, 24ರ ಸಿಪ್ರೊ ಐ! ಅಕ್ಷರ ನೋಡಿ, ಅಂಕಿ ಹೋಲಿಸಬೇಡಿ. ಯಂತ್ರದ ರಿಪೋರ್ಟಿನಲ್ಲಿ ಬರುವ ಎಂಐಸಿ (ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಅಂಕಿಗೂ ಇದೇ ಮಾತು. ಅಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದೆಂದು ಔಷಧ ಔಷಧಗಳ ನಡುವೆ ತೂಗಲಾಗದು.

ಎಸ್ ಇದ್ದ ಮಾತ್ರಕ್ಕೆ ಆಯ್ಕೆ ಮುಗಿಯಿತೆಂದೂ ಅಲ್ಲ. ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೋಂಕು ಕಿಡ್ನಿಗೆ ಏರಿ ಚಳಿಜ್ವರ, ಬೆನ್ನುನೋವು ಬಂದರೆ ಅದು ಸಾಲದು. ಗರ್ಭಿಣಿಯಾಗಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಯಾವುದಾದರೂ ಮಾತ್ರೆ ಒಗ್ಗದಿದ್ದರೆ ಲ್ಯಾಬಿಗೆ ಗೊತ್ತಾಗುವುದಿಲ್ಲ; ಡಾಕ್ಟರಿಗೆ ನೀವೇ ಹೇಳಬೇಕು.

ಚಿಕ್ಕಮ್ಮ ಸುತ್ತು ಹಾಕಿದ್ದು ಮೆರೊಪೆನೆಮ್‌ಗೆ. ಅದು ಮಾತ್ರೆಯೇ ಅಲ್ಲ, ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಬೇರೆಯವು ಸೋತಾಗ ಬೇಕೆಂದು ಕಾದಿಡುವಂಥದ್ದು. ಅವರಿಗೆ ಜ್ವರ ಇರಲಿಲ್ಲ. ಡಾಕ್ಟರು ಬರೆದದ್ದು ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಸಣ್ಣ ಅಂಕಿಯ ನೈಟ್ರೊಫ್ಯುರಾಂಟಾಯಿನ್, ಐದು ದಿನಕ್ಕೆ.