ಸ್ಟುಟ್‌ಗಾರ್ಟ್ ಬಿಟ್ಟು ಡ್ರೆಸ್ಡೆನ್ ಆರಿಸಿಕೊಂಡೆ: ನನ್ನ ಅನುಭವ

2023ರ ಚಳಿಗಾಲದ ಸೆಮಿಸ್ಟರ್‌ಗೆ ನನಗೆ ಜರ್ಮನಿಯಲ್ಲಿ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಇನ್ಫೋಟೆಕ್, ಅಂದರೆ ಇನ್ಫರ್ಮೇಶನ್ ಟೆಕ್ನಾಲಜಿ ಕೋರ್ಸ್. ಇನ್ನೊಂದು ಡ್ರೆಸ್ಡೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದ (ಟಿಯು ಡ್ರೆಸ್ಡೆನ್) ನ್ಯಾನೋಎಲೆಕ್ಟ್ರಾನಿಕ್ ಸಿಸ್ಟಮ್ಸ್. ಎರಡೂ ಇಂಗ್ಲಿಷಿನಲ್ಲಿ ಕಲಿಸುವ, ಎರಡು ವರ್ಷದ ಮಾಸ್ಟರ್ಸ್. ಬೆಂಗಳೂರಿನಲ್ಲಿ ಚಿಪ್ ಡಿಸೈನ್ ಕೆಲಸ ಮಾಡುತ್ತಿದ್ದ ನನಗೆ ಎರಡೂ ಹೊಂದುತ್ತಿದ್ದವು. ಕೇಳಿದವರೆಲ್ಲ ಸ್ಟುಟ್‌ಗಾರ್ಟ್ ಅಂದರು. ಬಾಷ್, ಮರ್ಸಿಡಿಸ್, ಪೋರ್ಷೆ ಎಲ್ಲ ಇರುವ ಊರು, ಕನ್ನಡದವರೂ ಸಿಗುತ್ತಾರೆ, ಇನ್ನೇನು ಬೇಕು ಅನ್ನೋದು ಅವರ ಮಾತು. ನಾನು ಡ್ರೆಸ್ಡೆನ್‌ಗೆ ಹೋದೆ. ಯಾಕೆ ಅಂತ ಈಗಲೂ ಜೂನಿಯರ್‌ಗಳು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು. ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ನಮ್ಮಂಥ ಹೊರದೇಶದ ವಿದ್ಯಾರ್ಥಿಗಳು ಸೆಮಿಸ್ಟರ್‌ಗೆ 1,500 ಯೂರೋ ಬೋಧನಾ ಶುಲ್ಕ ಕಟ್ಟಬೇಕು. ಡ್ರೆಸ್ಡೆನ್‌ನ ನನ್ನ ಕೋರ್ಸಿಗೆ ಬೋಧನಾ ಶುಲ್ಕವೇ ಇರಲಿಲ್ಲ. ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅನ್ನುವ ಸಣ್ಣ ಮೊತ್ತ ಕಟ್ಟಿದರೆ ಆಯಿತು, ಬಸ್ಸು-ಟ್ರಾಮ್ ಟಿಕೆಟ್ ಕೂಡ ಅದರಲ್ಲೇ ಬರುತ್ತಿತ್ತು. ಅಪ್ಪ ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಎರಡು ಕಾಲಂ ಎಳೆದು ಕೂತರು. ನಾಲ್ಕು ಸೆಮಿಸ್ಟರ್‌ಗೆ 6,000 ಯೂರೋ, ಆಗಿನ ದರದಲ್ಲಿ ಐದು ಲಕ್ಷದ ಮೇಲೆ. ಅದರ ಕೆಳಗೆ ಎಜುಕೇಶನ್ ಲೋನಿನ ಬಡ್ಡಿಯನ್ನೂ ಸೇರಿಸಿ ಬರೆದು, "ಇಷ್ಟು ಜಾಸ್ತಿ ಕೊಟ್ಟರೆ ಅಲ್ಲಿ ಜಾಸ್ತಿ ಏನು ಸಿಗುತ್ತೆ, ಅದನ್ನ ನೋಡ್ಕೊಂಡು ಹೇಳು ಮಗಾ" ಅಂದರು. ನನಗೆ ಸಿಕ್ಕ ಸಲಹೆಗಳಲ್ಲಿ ತೂಕದ್ದು ಅಂದರೆ ಅದೇ.

ಶುಲ್ಕದ ಜೊತೆಗೆ ಬಾಡಿಗೆಯಲ್ಲೂ ದೊಡ್ಡ ವ್ಯತ್ಯಾಸ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಮೊದಲೇ ಇಡಬೇಕಲ್ಲ, ಆಗ ಅದು 11,208 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ 11,904 ಆಯಿತು. ಅಷ್ಟೂ ಒಟ್ಟಿಗೆ ಕೈಗೆ ಬರುವುದಿಲ್ಲ. ನನಗೆ ತಿಂಗಳಿಗೆ 934 ಯೂರೋ ಬಿಡುಗಡೆಯಾಗುತ್ತಿತ್ತು. ಅದರಲ್ಲಿ ಆರೋಗ್ಯ ವಿಮೆಗೇ ಸುಮಾರು 120 ಹೋಗುತ್ತಿತ್ತು. ಸ್ಟುಟ್‌ಗಾರ್ಟ್‌ನಲ್ಲಿ ವಿದ್ಯಾರ್ಥಿ ಹಾಸ್ಟೆಲ್‌ಗೆ ಕಾಯಬೇಕು, ಹೊರಗೆ ಕೋಣೆ ಹಿಡಿದರೆ 500 ದಾಟುತ್ತದೆ ಅಂತ ಅಲ್ಲಿದ್ದವರೇ ಹೇಳಿದರು. ಡ್ರೆಸ್ಡೆನ್‌ನಲ್ಲಿ ನನಗೆ ವುಂಟ್‌ಸ್ಟ್ರಾಸೆಯ ಎತ್ತರದ ಹಾಸ್ಟೆಲ್ ಕಟ್ಟಡದಲ್ಲಿ 300 ಯೂರೋ ಒಳಗೇ ಕೋಣೆ ಸಿಕ್ಕಿತು. ಕ್ಲಾಸಿಗೆ ನಡೆದೇ ಹೋಗಬಹುದಿತ್ತು. ಬಾಡಿಗೆ ವಿಚಾರಿಸುವಾಗ ಒಂದು ಮಾತು ಕೇಳಿಕೊಳ್ಳಿ: ಕಾಲ್ಟ್‌ಮೀಟೆಯೋ, ವಾರ್ಮ್‌ಮೀಟೆಯೋ? ಮೊದಲನೆಯದು ಬರೀ ಕೋಣೆಯ ಬಾಡಿಗೆ. ಎರಡನೆಯದರಲ್ಲಿ ಹೀಟಿಂಗ್, ನೀರು ಸೇರಿರುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮೊದಲನೆಯದೇ ಇದ್ದರೆ ತಿಂಗಳ ಲೆಕ್ಕ ಪೂರ್ತಿ ಬೇರೆಯಾಗುತ್ತದೆ.

ಆದರೂ ಬರೀ ಅಗ್ಗ ಅಂತ ಊರು ಆರಿಸಿಕೊಳ್ಳಬಾರದು. ನಾನು ಎರಡೂ ಕೋರ್ಸಿನ ಮಾಡ್ಯೂಲ್ ಹ್ಯಾಂಡ್‌ಬುಕ್ ತೆಗೆದು ಕೂತೆ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್, ಪರೀಕ್ಷೆ ಬರವಣಿಗೆಯೋ ಮೌಖಿಕವೋ, ಪಾಠ ಯಾವ ಭಾಷೆಯಲ್ಲಿ, ಎಲ್ಲ ಅದರಲ್ಲಿರುತ್ತದೆ. ನಿಜವಾಗಿ ಓದಬೇಕು ಅನಿಸಿದ ವಿಷಯಗಳಿಗೆ ಮಾತ್ರ ಹಸಿರು ಗುರುತು ಹಾಕುತ್ತಾ ಹೋದೆ. ಟ್ರಾನ್ಸಿಸ್ಟರ್ ಒಳಗೆ ಏನಾಗುತ್ತದೆ, ಚಿಪ್ ಹೇಗೆ ತಯಾರಾಗುತ್ತದೆ ಅನ್ನುವುದರ ಕಡೆಗೇ ನನ್ನ ಒಲವು. ಡ್ರೆಸ್ಡೆನ್ ಹಾಳೆಗಳಲ್ಲಿ ಹಸಿರು ಜಾಸ್ತಿ ಆಯಿತು. ರ‍್ಯಾಂಕಿಂಗ್ ಪಟ್ಟಿ ನೋಡಿ ನಿರ್ಧಾರ ಮಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎರಡು ವರ್ಷ ನೀವು ಓದುವುದು ಪಟ್ಟಿಯನ್ನಲ್ಲ, ಈ ವಿಷಯಗಳನ್ನು.

ಡ್ರೆಸ್ಡೆನ್ ಚಿಪ್ ತಯಾರಿಕೆಗೆ ಹೆಸರಾಗಿದ್ದು ಸುಮ್ನೆ ಅಲ್ಲ. ಪೂರ್ವ ಜರ್ಮನಿಯ ಮೊದಲ ಒಂದು ಮೆಗಾಬಿಟ್ ಮೆಮೊರಿ ಚಿಪ್ 1988ರಲ್ಲಿ ಹೊರಬಂದಿದ್ದು ಡ್ರೆಸ್ಡೆನ್‌ನಿಂದ. ಬರ್ಲಿನ್ ಗೋಡೆ ಬಿದ್ದ ಮೇಲೆ ಆ ದೇಶ ಹೋಯಿತು, ಕೆಲಸ ಗೊತ್ತಿದ್ದ ಜನ ಅಲ್ಲೇ ಉಳಿದರು. ಅವರನ್ನು ನಂಬಿಕೊಂಡೇ 90ರ ದಶಕದಲ್ಲಿ ಸೀಮೆನ್ಸ್, ಎಎಂಡಿ ಬಂದವು. ಅವು ಕಟ್ಟಿದ ಚಿಪ್ ಕಾರ್ಖಾನೆಗಳೇ ಇವತ್ತು ಇನ್ಫಿನಿಯಾನ್, ಗ್ಲೋಬಲ್‌ಫೌಂಡ್ರೀಸ್ ಕಂಪನಿಗಳವು. 2021ರಲ್ಲಿ ಬಾಷ್ ಕೂಡ ಅಲ್ಲೇ ಚಿಪ್ ಕಾರ್ಖಾನೆ ತೆರೆಯಿತು. ನಾನು ಓದುತ್ತಿದ್ದಾಗಲೇ, 2024ರ ಆಗಸ್ಟ್‌ನಲ್ಲಿ, ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಪಾಲುದಾರರೊಂದಿಗೆ ಕಟ್ಟುವ ಕಾರ್ಖಾನೆಗೆ ಗುದ್ದಲಿ ಪೂಜೆಯೂ ಆಯಿತು. ಸ್ಟುಟ್‌ಗಾರ್ಟ್‌ನಲ್ಲಿದ್ದರೆ ಕಾರಿನ ಕಂಪನಿಗಳ ಮಧ್ಯೆ ಚಿಪ್ ಕೆಲಸ ಹುಡುಕಬೇಕಿತ್ತು. ಇಲ್ಲಿ ಊರೇ ಅದನ್ನು ಮಾಡುತ್ತಿತ್ತು.

ಮನೆಯವರಿಗೆ ಇದ್ದ ಭಯ ಬೇರೆ. ಪೂರ್ವ ಜರ್ಮನಿ, ವಲಸಿಗರ ವಿರುದ್ಧ ಮೆರವಣಿಗೆ, ಹುಡುಗಿ ಒಬ್ಬಳೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಅಂಥ ಮೆರವಣಿಗೆ ನಡೆಸುವ ಪೆಗಿಡಾ ಚಳವಳಿ 2014ರಲ್ಲಿ ಶುರುವಾಗಿದ್ದು ಡ್ರೆಸ್ಡೆನ್‌ನಲ್ಲೇ. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದ 2024ರ ಚುನಾವಣೆಯಲ್ಲಿ ವಲಸೆ ವಿರೋಧಿ ಪಕ್ಷ ಎಎಫ್‌ಡಿಗೆ ಶೇಕಡ 30ಕ್ಕೂ ಹೆಚ್ಚು ಮತ ಬಿತ್ತು. ಟ್ರಾಮಿನಲ್ಲಿ ಕೆಲವರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಮೆರವಣಿಗೆ ಇರುವ ಸಂಜೆ ನಾವು ಆ ಕಡೆ ಹೋಗುತ್ತಿರಲಿಲ್ಲ. ಅದೇ ಊರಿನ ನೊಯ್‌ಸ್ಟಾಟ್ ಬಡಾವಣೆಯಲ್ಲಿ ಮಧ್ಯರಾತ್ರಿವರೆಗೆ ಎಲ್ಲ ದೇಶದ ಹುಡುಗರು ಹುಡುಗಿಯರು ಬೀದಿಯಲ್ಲೇ ಕೂತು ಹರಟುತ್ತಾರೆ. ಬೇಸಿಗೆಯಲ್ಲಿ ಎಲ್ಬೆ ನದಿಯ ಹುಲ್ಲುಗಾವಲಿನಲ್ಲಿ ಅರ್ಧ ಊರೇ ಇರುತ್ತದೆ. ಎರಡೂ ನಿಜ. ಹೋಗುವ ಮೊದಲು ಎರಡೂ ಗೊತ್ತಿರಲಿ.

ಭಾಷೆಯ ವಿಷಯದಲ್ಲಿ ಡ್ರೆಸ್ಡೆನ್ ಕಷ್ಟ. ಅಲ್ಲಿನ ಹಿರಿಯರು ಶಾಲೆಯಲ್ಲಿ ಕಲಿತದ್ದು ರಷ್ಯನ್, ಇಂಗ್ಲಿಷ್ ಅಷ್ಟಕ್ಕಷ್ಟೇ. ಬೇಕರಿ, ಡಾಕ್ಟರು, ವಿಳಾಸ ನೋಂದಾಯಿಸುವ ಕಚೇರಿ, ಎಲ್ಲ ಕಡೆ ಜರ್ಮನ್ನೇ. ಮೇಲಿಂದ ಸ್ಯಾಕ್ಸನ್ ಉಚ್ಚಾರಣೆ, ಬೆಂಗಳೂರಿನ ಜರ್ಮನ್ ಕ್ಲಾಸಿನಲ್ಲಿ ಕೇಳಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತಿತ್ತು. ಆದರೆ ಬೇರೆ ದಾರಿ ಇಲ್ಲದ್ದರಿಂದಲೇ ನನಗೆ ಭಾಷೆ ಬಂತು. ಹಾಸ್ಟೆಲಿನ ಅಡುಗೆಮನೆಯಲ್ಲಿ ನನ್ನ ಸಾರಿನ ಒಗ್ಗರಣೆಯ ಘಾಟಿಗೆ ಕೆಮ್ಮಿಕೊಂಡೇ ಬಂದು, ಇದೇನು ಅಂತ ಕೇಳಿದ ಪಕ್ಕದ ಕೋಣೆಯ ಹುಡುಗಿಗೆ ಇಂಗು ಅಂದರೇನು ಅಂತ ಜರ್ಮನ್ನಿನಲ್ಲಿ ವಿವರಿಸಿದ್ದೇ ನನ್ನ ಮೊದಲ ಉದ್ದನೆ ಮಾತುಕತೆ.

ನನ್ನ ಗೆಳತಿ ಸ್ಟುಟ್‌ಗಾರ್ಟ್‌ಗೇ ಹೋದಳು, ಚೆನ್ನಾಗಿದ್ದಾಳೆ. ಅವಳದು ಕಾರಿನ ಎಂಬೆಡೆಡ್ ಸಾಫ್ಟ್‌ವೇರ್. ಅವಳ ಫೈಹಿಂಗೆನ್ ಕ್ಯಾಂಪಸ್‌ನಲ್ಲೇ ಎಸ್-ಬಾನ್ (ನಗರ ರೈಲು) ನಿಲ್ದಾಣ ಇದೆ, ಹತ್ತಿದರೆ ಸೀದಾ ಊರ ಮಧ್ಯಕ್ಕೆ. ಅವಳನ್ನು ನೋಡಲು ಹೋದಾಗ ಊರೊಳಗೇ ಇರುವ ದ್ರಾಕ್ಷಿ ತೋಟದ ಗುಡ್ಡ ಹತ್ತಿದೆವು. ಸಂಜೆ ಅವಳ ಮನೆಯಲ್ಲಿ ನಾಲ್ಕೈದು ಕನ್ನಡದವರು ಸೇರಿ ಬಿಸಿಬೇಳೆಬಾತ್ ಮಾಡಿದೆವು. ಡ್ರೆಸ್ಡೆನ್‌ನಲ್ಲಿ ನನಗೆ ಅಂಥ ಸಂಜೆಗಳು ಕಡಿಮೆ, ಅದು ಬಾಧಿಸಿದ್ದೂ ಹೌದು. ವಾಹನ ಉದ್ಯಮದಲ್ಲೇ ಮುಂದುವರಿಯುವವರಿಗೆ ಆ 1,500 ಯೂರೋ ದಂಡ ಅಲ್ಲ ಅಂತಲೇ ನಾನು ಹೇಳುತ್ತೇನೆ.

ಎಲ್ಲಿಗೇ ಹೋಗಿ, ಪ್ರವೇಶ ಪತ್ರ ಬಂದ ದಿನವೇ ಹಾಸ್ಟೆಲ್‌ಗೆ ಅರ್ಜಿ ಹಾಕಿ. ವೀಸಾ ಬರಲಿ, ಆಮೇಲೆ ನೋಡೋಣ ಅನ್ನಬೇಡಿ. 2022ರ ನವೆಂಬರ್‌ನಿಂದ ನಮ್ಮವರಿಗೆ ಓದಿನ ದಾಖಲೆಗಳು ಅಸಲಿ ಅಂತ ಖಚಿತಪಡಿಸುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ಅದಕ್ಕೆ ಬೇಕಾದ ಮಾರ್ಕ್ಸ್‌ಕಾರ್ಡ್‌ಗಳನ್ನು ಕಾಲೇಜಿನಿಂದ ಈಗಲೇ ತೆಗೆದಿಟ್ಟುಕೊಳ್ಳಿ.